ಕಟ್ಟೆ ಮತ್ತು ಹೊರಸು: ಎಡೆದೊರೆ ನಾಡಿನ ಹೊರಾಂಗಣ ಪೀಠೋಪಕರಣಗಳ ವಿಮರ್ಶೆ

‘ಪೀಠೋಪಕರಣ’ ಎಂಬ ಪದದಲ್ಲಿಯೇ ಒಂದು ಪೂರ್ವಗ್ರಹ ಅಡಗಿದೆ. ಪೀಠವೆಂಬುದು ಗುರುವಿನದು, ಅರಸನದು, ಅಧಿಕಾರಿಯದು. ಅದು ಒಳಗಿರುವಂಥದು, ಎತ್ತರದಲ್ಲಿರುವಂಥದು, ಒಬ್ಬರಿಗೆ ಮೀಸಲಾದದ್ದು. ಈ ಪದವನ್ನು ಹಿಡಿದು ಕರ್ನಾಟಕದ ಮರಗೆಲಸದ ಪರಂಪರೆಯನ್ನು ಹುಡುಕಹೊರಟವರಿಗೆ ಸಿಗುವುದು ಮೈಸೂರಿನ ಬೀಟೆಮರದ ಕೆತ್ತನೆ ಮತ್ತು ಕುಂದಣದ ಕೆಲಸ, ಅರಮನೆಯ ಆಸನಗಳು, ಮಲೆನಾಡಿನ ತೊಟ್ಟಿಮನೆಗಳ ಆರಾಮಕುರ್ಚಿಗಳು. ಬಯಲಲ್ಲಿ ಬದುಕಿದವರು ಬಯಲಿಗೆಂದೇ ಮಾಡಿಕೊಂಡ ಕೂರುವ, ಮಲಗುವ ಸಾಧನಗಳು ಈ ಹುಡುಕಾಟದ ಬಲೆಗೆ ಬೀಳುವುದಿಲ್ಲ. ಇತ್ತೀಚಿನ ದಶಕಗಳಲ್ಲಿ ‘ಹೊರಾಂಗಣ ಬದುಕಿನ ಕರಕುಶಲ ಡಿಸೈನರ್ ಪೀಠೋಪಕರಣ’ ಎಂಬ ಹೊಸ ವರ್ಗವೊಂದು ನಗರದ ಮಾರುಕಟ್ಟೆಯಲ್ಲಿ ರೂಪುಗೊಂಡಿದೆ. ತೋಟದ ಮನೆ, ರೆಸಾರ್ಟು, ಬಹುಮಹಡಿ ಕಟ್ಟಡಗಳ ತಾರಸಿಗಳಿಗಾಗಿ ತಯಾರಾಗುವ ಈ ವಸ್ತುಗಳು ತಮ್ಮನ್ನು ಹೊಸ ಕಲ್ಪನೆಯೆಂದು ಹೇಳಿಕೊಳ್ಳುತ್ತವೆ. ರಾಯಚೂರು ಸೀಮೆಯ ಯಾವುದೇ ಹಳ್ಳಿಯ ಅಂಗಳದಲ್ಲಿ ನಿಂತು ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಣ ಈ ಭೂಭಾಗವನ್ನು ಶಾಸನಗಳು ‘ಎಡೆದೊರೆ ಎರಡುಸಾಸಿರ’ ಎಂದು ಕರೆದಿವೆ. ರಾಯಚೂರಿನಿಂದ ಪಶ್ಚಿಮಕ್ಕೆ ಹೊರಟ ದಾರಿ ಕಲ್ಮಲದಲ್ಲಿ ಕವಲೊಡೆಯುತ್ತದೆ. ಒಂದು ಕವಲು ಮಾನ್ವಿ, ಸಿಂಧನೂರುಗಳತ್ತ ತುಂಗಭದ್ರೆಯ ಸೀಮೆಗೆ ಇಳಿದರೆ, ಮತ್ತೊಂದು ಕಡೆಯಿಂದ ದೇವದುರ್ಗದ ಕೃಷ್ಣಾ ಸೀಮೆಯನ್ನು ತಲುಪಬಹುದು. ಬಂಡೆಗಲ್ಲಿನ ಗುಡ್ಡಗಳ ರಾಯಚೂರು, ಕಾಲುವೆ ನೀರಿನ ಮಾನ್ವಿ, ಬಹುಕಾಲ ಮಳೆಯನ್ನೇ ನಂಬಿದ್ದ ದೇವದುರ್ಗ ಈ ಮೂರೂ ಸಂಧಿಸುವ ಎಡೆಯಾಗಿ ಕಲ್ಮಲವನ್ನು ಗ್ರಹಿಸಬಹುದು. ಇಲ್ಲಿಯ ವಾರ್ಷಿಕ ಮಳೆ ಸುಮಾರು 600ರಿಂದ 700 ಮಿಲಿಮೀಟರು. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮೀರುವುದು ಸಾಮಾನ್ಯ. ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆ ಹಗಲೆಲ್ಲ ತಂಪಾಗಿದ್ದು, ಹೀರಿಕೊಂಡ ಬಿಸಿಯನ್ನು ರಾತ್ರಿ ಒಳಗೆ ಬಿಡುತ್ತದೆ. ಆದುದರಿಂದ ಹಗಲಿನ ಮನೆ ಒಳಗೆ, ರಾತ್ರಿಯ ಮನೆ ಹೊರಗೆ ಎಂಬ ವ್ಯವಸ್ಥೆ ಇಲ್ಲಿ ಸಹಜವಾಗಿಯೇ ಬೆಳೆಯಿತು. ಅಂಗಳವು ಇಲ್ಲಿ ಮನೆಯ ಶೋಭೆಗಾಗಿ ಇರುವ ಜಾಗವಲ್ಲ, ವರ್ಷದ ಐದಾರು ತಿಂಗಳು ಮನೆಯವರು ನಿದ್ರಿಸುವ ಕೋಣೆ.

ಈ ಹೊರಗಿನ ಕೋಣೆಗೆ ಎಡೆದೊರೆ ನಾಡು ಎರಡು ಬಗೆಯ ಸಾಧನಗಳನ್ನು ರೂಪಿಸಿಕೊಂಡಿತು. ಒಂದು ಕಟ್ಟೆ, ಇನ್ನೊಂದು ಹೊರಸು.

ಕಟ್ಟೆಯ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರೆಯಲಾಗಿದೆಯಾದರೂ ಆ ಬರಹಗಳು ಬಹುಮಟ್ಟಿಗೆ ಕಟ್ಟೆಯ ಮೇಲೆ ನಡೆಯುವ ಮಾತಿನ ಬಗ್ಗೆ, ಪಂಚಾಯಿತಿಯ ಬಗ್ಗೆ, ಕಟ್ಟೆಪುರಾಣದ ಬಗ್ಗೆ ಇವೆ. ಕಟ್ಟೆಯ ರಚನೆ ಚರ್ಚೆಗೆ ಬಂದದ್ದು ಕಡಿಮೆ. ಬೇವು, ಅರಳಿಯ ಬುಡದ ಸುತ್ತ ಕಲ್ಲು ಕಟ್ಟಿ ಮಣ್ಣು ತುಂಬಿ ಮೇಲೆ ಚಪ್ಪಡಿ ಹಾಸಿದ ಈ ರಚನೆಯಲ್ಲಿ ಆಸನಕ್ಕೂ ನೆರಳಿಗೂ ಬೇರೆ ಬೇರೆ ಏರ್ಪಾಡಿಲ್ಲ. ಮರ ಬೆಳೆದಂತೆ ಆಸನದ ನೆರಳು ಬೆಳೆಯುತ್ತದೆ, ಬೇರು ದಪ್ಪವಾದಂತೆ ಕಲ್ಲು ಸಡಿಲಾಗುತ್ತದೆ, ಸಡಿಲಾದ ಕಲ್ಲನ್ನು ಊರು ಮತ್ತೆ ಕೂಡಿಸುತ್ತದೆ. ಕಲ್ಲನ್ನು ಸೀಳುವ, ಸಾಗಿಸುವ, ಕೂಡಿಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿರುವ 1294ರ ತೆಲುಗು ಶಾಸನದ ಕಲ್ಲು 40 ಅಡಿಗೂ ಮಿಕ್ಕಿ ಉದ್ದವಾಗಿದ್ದು, ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ತಂದ ದೃಶ್ಯವನ್ನೂ ಅಲ್ಲಿ ಗೋಡೆಯ ಮೇಲೆ ಬಿಡಿಸಲಾಗಿದೆ. ಕೋಟೆಗೆ ಸಂದ ಆ ವಿದ್ಯೆಯ ಸಣ್ಣ ರೂಪವೇ ಊರ ಮುಂದಿನ ಕಟ್ಟೆ. ದಾಸಪರಂಪರೆಯಲ್ಲಿ ಕಟ್ಟೆಗೆ ಸಂದ ಗೌರವವೂ ಗಮನಾರ್ಹ. ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರ ನೆನಪು ಅವರು ದೇಹ ಬಿಟ್ಟ ಚಿಪ್ಪಗಿರಿಯಲ್ಲಿ ‘ವಿಜಯದಾಸರ ಕಟ್ಟೆ’ ಎಂಬ ಹೆಸರಿನಲ್ಲಿಯೇ ಉಳಿದಿದೆ.

ಹೊರಸಿನ ಮಾತು ಬೇರೆ. ಅದಕ್ಕೆ ಊರಿನ ಗೌರವವಿಲ್ಲ, ಸಂತರ ಹೆಸರಿಲ್ಲ, ಶಾಸನವಿಲ್ಲ. ನಾಲ್ಕು ಕಾಲು, ಎರಡು ಉದ್ದದ ಮರ, ಎರಡು ಅಡ್ಡಮರ ಮತ್ತು ಹಗ್ಗ ಇಷ್ಟೇ ಅದರ ಸಾಮಗ್ರಿ. ಆದರೆ ರಚನೆಯ ದೃಷ್ಟಿಯಿಂದ ಇದು ಕಟ್ಟೆಗಿಂತ ಸೂಕ್ಷ್ಮವಾದ ಕೃತಿ. ಸಾಮಾನ್ಯ ಮಂಚದಲ್ಲಿ ಚೌಕಟ್ಟು ತಾನೇ ನಿಲ್ಲುತ್ತದೆ, ಹಲಗೆ ಅಥವಾ ಹಾಸು ಅದರ ಮೇಲೆ ಕೂರುತ್ತದೆ. ಹೊರಸಿನಲ್ಲಿ ಹಾಗಲ್ಲ. ಕಾಲಿಗೆ ಕೊರೆದ ತೂತಿನಲ್ಲಿ ಎರಡು ದಿಕ್ಕಿನ ಮರಗಳ ಮೂತಿ ಬಂದು ಕೂಡುತ್ತವೆ. ಹಳೆಯ ಕೆಲಸದಲ್ಲಿ ಮೊಳೆಯಿಲ್ಲ, ಅಂಟಿಲ್ಲ. ಹೆಣೆದ ಹಗ್ಗವು ಎದುರುಬದುರಿನ ಮರಗಳನ್ನು ಒಳಮುಖವಾಗಿ ಸೆಳೆಯುವುದರಿಂದ ಮೂತಿಗಳು ತೂತಿನೊಳಗೆ ಬಿಗಿಯುತ್ತವೆ. ಮೇಲೆ ಮಲಗಿದವರ ಭಾರ ಈ ಸೆಳೆತವನ್ನು ಹೆಚ್ಚಿಸುತ್ತದೆಯೇ ಹೊರತು ಸಡಿಲಿಸುವುದಿಲ್ಲ. ಹಗ್ಗವನ್ನು ಪೂರ್ತಿಯಾಗಿ ಬಿಚ್ಚಿದರೆ ಚೌಕಟ್ಟು ಬಿಡಿಬಿಡಿಯಾಗುತ್ತದೆ. ಅಂದರೆ ಹಗ್ಗವು ಇಲ್ಲಿ ಹೊದಿಕೆಯಲ್ಲ, ರಚನೆಯ ಅಂಗ. ಇನ್ನೊಂದು ಗುಣವನ್ನೂ ಹೇಳಬೇಕು. ಸೆಗಣಿ ಸಾರಿಸಿದ ಅಂಗಳ ಎಂದೂ ಸಮತಟ್ಟಾಗಿರುವುದಿಲ್ಲ. ಬಿಗಿ ಜೋಡಣೆಯ ಮಂಚ ಅಲ್ಲಿ ಮೂರು ಕಾಲಿನ ಮೇಲೆ ನಿಂತು ಕುಂಟುತ್ತದೆ. ಹೊರಸಿನ ಕೀಲುಗಳು ಅಷ್ಟಿಷ್ಟು ಹೊರಳಬಲ್ಲವಾದ್ದರಿಂದ ನಾಲ್ಕೂ ಕಾಲುಗಳು ತಮ್ಮ ನೆಲವನ್ನು ತಾವೇ ಹುಡುಕಿಕೊಳ್ಳುತ್ತವೆ.

ಹೆಣಿಗೆಯು ಚೌಕಟ್ಟಿನ ಉದ್ದಕ್ಕೂ ಹರಡುವುದಿಲ್ಲ. ಕಾಲ್ದೆಸೆಯಲ್ಲಿ ಒಂದಡಿಯಷ್ಟು ಜಾಗ ಬಿಟ್ಟು ಅಲ್ಲಿ ಪ್ರತ್ಯೇಕವಾದ ಬಿಗಿಹಗ್ಗವನ್ನು ಅಡ್ಡಮರದಿಂದ ಹೆಣಿಗೆಯ ಅಂಚಿಗೆ ಮತ್ತೆ ಮತ್ತೆ ಎಳೆದು ಕಟ್ಟಲಾಗುತ್ತದೆ. ನಾರಿನ ಹಗ್ಗ ಬಳಸಿದಂತೆ ಜೋಲುತ್ತದೆ. ಜೋತಾಗ ಇಡೀ ಹೆಣಿಗೆಯನ್ನು ಬಿಚ್ಚಬೇಕಿಲ್ಲ, ಬಿಗಿಹಗ್ಗವನ್ನು ಸಾಲಾಗಿ ಎಳೆದರೆ ಸಾಕು. ಈ ಕೆಲಸಕ್ಕೆ ಕುಶಲಕರ್ಮಿಯ ಅಗತ್ಯವಿಲ್ಲ, ಮನೆಯ ಹುಡುಗನೂ ಮಾಡಬಲ್ಲ. ತಯಾರಕನ ಕೈ ಮುಗಿದ ಮೇಲೆ ಬಳಕೆದಾರನ ಕೈ ಕೆಲಸ ಮುಂದುವರಿಸಲೆಂದು ರಚನೆಯಲ್ಲೇ ಜಾಗ ಬಿಟ್ಟಿರುವ ಇಂಥ ವಸ್ತುಗಳು ನಮ್ಮ ಕರಕುಶಲ ಪರಂಪರೆಯಲ್ಲಿ ವಿರಳ. ಹೊರಸಿನ ಸೌಂದರ್ಯವನ್ನು ಕುರಿತು ಮಾತನಾಡುವವರು ಹೆಣಿಗೆಯ ಚೌಕುಳಿ, ಮೂಲೆಗೆರೆಗಳ ವಿನ್ಯಾಸವನ್ನು ಹೊಗಳುತ್ತಾರೆ. ಹೊಗಳಲು ತಕ್ಕದ್ದೇ. ಆದರೆ ಅದರ ಬುದ್ಧಿವಂತಿಕೆ ಇರುವುದು ಚಂದವಿಲ್ಲದ ಆ ಒಂದಡಿಯಲ್ಲಿ.

ಸಾಮಗ್ರಿಗಳೂ ಸೀಮೆಯವೇ. ಕಾಲಿಗೆ ಕರಿಜಾಲಿ ಅಥವಾ ಬೇವು, ಉದ್ದದ ಮರಕ್ಕೆ ಸಿಕ್ಕರೆ ಬಿದಿರು. ನೇಗಿಲಿಗೂ ಬಂಡಿಗೂ ಬಳಕೆಯಾಗುವ ಕರಿಜಾಲಿಯ ಗಡಸುತನ ಬಡಿಗನಿಗೆ ಗೊತ್ತಿದ್ದದ್ದು, ಬೇವಿಗೆ ಹುಳು ಬೀಳುವುದು ಕಡಿಮೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದು. ಹಗ್ಗಕ್ಕೆ ಪುಂಡಿ, ಸಣಬು, ಕತ್ತಾಳೆ. ಇವುಗಳಲ್ಲಿ ಪುಂಡಿಯ ಸ್ಥಾನ ವಿಶೇಷವಾದುದು. ರೊಟ್ಟಿಯೊಡನೆ ಉಣ್ಣುವ ಪುಂಡಿಪಲ್ಯದಿಂದ ಈ ಸಸ್ಯ ಹೊರನಾಡಿನವರಿಗೂ ಪರಿಚಿತ. ಎಲೆ ಕೊಯ್ದುಂಡ ಮೇಲೆ ಬಲಿತ ಕಟ್ಟಿಗೆಯನ್ನು ನೀರಿನಲ್ಲಿ ಕೊಳೆಹಾಕಿ, ಸುಲಿದು, ತೊಳೆದು, ಒಣಗಿಸಿದರೆ ನಾರು. ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆದ ಒಂದೇ ಗಿಡ ಮನೆಯವರ ತಟ್ಟೆಗೂ ಅವರ ಹಾಸಿಗೆಗೂ ಒದಗುತ್ತಿತ್ತು.

ಬಳಕೆಯ ವೈವಿಧ್ಯ ಇನ್ನೂ ಸ್ವಾರಸ್ಯಕರ. ಹಗಲು ಹೊರಸಿನ ಮೇಲೆ ಬಟ್ಟೆ ಹಾಸಿ ಹಪ್ಪಳ, ಸಂಡಿಗೆ ಒಣಗಿಸುವುದುಂಟು. ಸುಗ್ಗಿಯಲ್ಲಿ ಅದು ಕಣಕ್ಕೆ ಹೋಗಿ ಕಾವಲುಗಾರನ ಮನೆಯಾಗುತ್ತದೆ. ದಾರಿಯಿಲ್ಲದ ಊರುಗಳಿಂದ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ ಡೋಲಿಯೂ ಅದೇ. ತಿಗಣೆ ಸೇರಿಕೊಂಡರೆ ಕುದಿಯುವ ನೀರು ಸುರಿದು ಬಿಸಿಲಿಗೆ ನಿಲ್ಲಿಸಿದರಾಯಿತು. ಇವೆಲ್ಲಕ್ಕೂ ಮಿಗಿಲಾದುದು ಬಾಣಂತಿಯ ಹೊರಸು. ಎಣ್ಣೆನೀರಿನ ನಂತರ ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ ಕೆಳಗೆ ಕೆಂಡದ ಬೋಗುಣಿ ಇಟ್ಟು ಕಾವು ಕೊಡುವ ರೂಢಿ ಉತ್ತರ ಕರ್ನಾಟಕದಾದ್ಯಂತ ಇತ್ತು. ಇದರ ವೈದ್ಯಕೀಯ ಸಾಧಕಬಾಧಕಗಳ ಚರ್ಚೆ ಬೇರೆಯದು. ವಿನ್ಯಾಸದ ದೃಷ್ಟಿಯಿಂದ ಹೇಳುವುದಾದರೆ, ಬೇಸಿಗೆಯಲ್ಲಿ ಕೆಳಗಿನಿಂದ ಗಾಳಿಯನ್ನು ಬಿಟ್ಟುಕೊಂಡ ಅದೇ ಹೆಣಿಗೆ ಬಾಣಂತನದಲ್ಲಿ ಕಾವನ್ನು ಬಿಟ್ಟುಕೊಳ್ಳುತ್ತದೆ.

ಇಲ್ಲಿ ಕಟ್ಟೆ ಮತ್ತು ಹೊರಸುಗಳನ್ನು ಒಟ್ಟಿಗೆ ಇಟ್ಟು ನೋಡುವುದು ಅವಶ್ಯ. ಹೊರಗಿರುವ ಯಾವ ವಸ್ತುವಿಗೂ ಮಳೆ, ಬಿಸಿಲುಗಳ ಪ್ರಶ್ನೆ ಎದುರಾಗುತ್ತದೆ. ಕಟ್ಟೆ ಅದಕ್ಕೆ ಕೊಡುವ ಉತ್ತರ ಭಾರ: ಅದು ಅಲುಗುವುದಿಲ್ಲ, ನೆನೆದರೂ ಕೆಡುವುದಿಲ್ಲ. ಹೊರಸಿನ ಉತ್ತರ ಹಗುರತನ. ಮೋಡ ಕವಿದರೆ ಒಬ್ಬರೇ ಎತ್ತಿ ಒಳಗಿಡಬಹುದು, ಬೆಳಗಾದರೆ ಗೋಡೆಗೆ ನಿಲ್ಲಿಸಬಹುದು. ಒಂದು ಹವೆಯನ್ನು ತಡೆದು ಬಾಳುತ್ತದೆ, ಇನ್ನೊಂದು ಹವೆಯೊಡನೆ ಸರಿದು ಬಾಳುತ್ತದೆ. 14ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಪ್ರವಾಸಿ ಇಬ್ನ್ ಬತೂತನಿಗೆ ಇಲ್ಲಿಯ ಮಂಚಗಳಲ್ಲಿ ಎದ್ದು ಕಂಡದ್ದು ಈ ಹಗುರತನವೇ. ಒಬ್ಬನೇ ಹೊರಬಲ್ಲ, ನಾಲ್ಕು ಕಾಲಿಗೆ ನಾಲ್ಕು ಅಡ್ಡಮರ ಕೂಡಿಸಿ ದಾರದಿಂದ ಹೆಣೆದ ಮಂಚವನ್ನು ಪ್ರಯಾಣಿಕರು ತಮ್ಮ ಜೊತೆಗೇ ಒಯ್ಯುತ್ತಿದ್ದುದನ್ನು ಆತ ದಾಖಲಿಸಿದ್ದಾನೆ.

ಡಿಸೈನರ್ ಪೀಠೋಪಕರಣಗಳು ಎಡವುವುದು ಈ ಎರಡು ಉತ್ತರಗಳನ್ನು ಬೆರೆಸಿದಲ್ಲಿ. ಅವು ಹೊರಸಿನ ರೂಪವನ್ನು ತೆಗೆದುಕೊಂಡು ಕಟ್ಟೆಯ ಶಾಶ್ವತತೆಯನ್ನು ಬಯಸುತ್ತವೆ. ಬೆಸುಗೆ ಹಾಕಿದ ಕಬ್ಬಿಣದ ಚೌಕಟ್ಟಿಗೆ ಪೌಡರ್ ಕೋಟಿಂಗ್ ಮಾಡಿ, ಮೇಲೆ ಪಾಲಿಯೆಸ್ಟರ್ ಅಥವಾ ಹತ್ತಿಯ ಹಗ್ಗವನ್ನು ಅಲಂಕಾರದ ಗಂಟುಗಳಲ್ಲಿ ಸುತ್ತಿ ‘ಡೇಬೆಡ್’ ಎಂಬ ಹೆಸರು ಕೊಡಲಾಗುತ್ತದೆ. ಚೌಕಟ್ಟು ತಾನೇ ನಿಲ್ಲುವುದರಿಂದ ಹಗ್ಗಕ್ಕೆ ರಚನೆಯ ಕೆಲಸವಿಲ್ಲ, ಅದು ಕೇವಲ ಹೊದಿಕೆ. ಬಿಗಿಹಗ್ಗದ ಜಾಗವನ್ನು ಅಂದಕ್ಕೆ ಕುಂದೆಂದು ಕೈಬಿಟ್ಟಿರುವುದರಿಂದ ಜೋತ ಮೇಲೆ ಅದನ್ನು ಬಿಗಿಯುವ ದಾರಿಯಿಲ್ಲ. ಕಬ್ಬಿಣದ ಭಾರದಿಂದಾಗಿ ಒಬ್ಬರೇ ಎತ್ತಿ ಒಳಗಿಡುವಂತೆಯೂ ಇಲ್ಲ. ಇವುಗಳಲ್ಲಿ ಕೈಕೆಲಸ ಇಲ್ಲವೆಂದಲ್ಲ. ಗಂಟು ಹಾಕುವ ಕೆಲಸಗಾರನ ಶ್ರಮ ನಿಜವಾದುದೇ, ಹಲವು ಕೃತಿಗಳಲ್ಲಿ ಅದು ಮೆಚ್ಚುವಂತಿದೆ. ಆದರೆ ‘ಕರಕುಶಲ’ ಎಂಬ ವಿಶೇಷಣ ಇಲ್ಲಿ ಕೈ ಮುಟ್ಟಿದೆ ಎಂಬುದನ್ನು ಸೂಚಿಸುತ್ತದೆಯೇ ಹೊರತು, ಆ ಕೈಗೆ ತಿಳಿದದ್ದು ವಸ್ತುವಿನೊಳಗೆ ಇಳಿದಿದೆ ಎಂಬುದನ್ನಲ್ಲ. ಬೆಲೆಯ ಮಾತಂತೂ ಇದ್ದೇ ಇದೆ. 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಹಗ್ಗದ ಮಂಚವೊಂದನ್ನು ಸಾಂಪ್ರದಾಯಿಕ ಭಾರತೀಯ ಡೇಬೆಡ್ ಎಂದು 990 ಡಾಲರಿಗೆ ಮಾರಾಟಕ್ಕಿಟ್ಟ ಜಾಹೀರಾತು ಭಾರತದ ಪತ್ರಿಕೆಗಳಲ್ಲಿ ನಗೆಗೆ ವಸ್ತುವಾಗಿತ್ತು. ನಗುವುದು ಸುಲಭ. ನಕ್ಕವರಲ್ಲಿ ಹೊರಸು ಹೆಣೆಯುವವನ ಕೂಲಿ ಎಷ್ಟೆಂದು ಕೇಳಿದವರು ವಿರಳ.

ಹೆಸರಿನ ಪ್ರಶ್ನೆ ಇಲ್ಲಿಂದ ಆರಂಭವಾಗುತ್ತದೆ. ಪಶ್ಚಿಮದ ಹೊರಾಂಗಣ ಪೀಠೋಪಕರಣದ ಚರಿತ್ರೆಯನ್ನು ಪೇಟೆಂಟುಗಳ ಮೂಲಕ ಬರೆಯಬಹುದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಪೋರ್ಟಿನಲ್ಲಿ ಥಾಮಸ್ ಲೀ 1903ರಲ್ಲಿ ಬೇಸಿಗೆ ಮನೆಯ ಅಂಗಳಕ್ಕೆಂದು ರೂಪಿಸಿದ ಅಗಲ ತೋಳಿನ ಹಲಗೆಯ ಕುರ್ಚಿ ಇಂದು ಅಡಿರಾಂಡಕ್ ಕುರ್ಚಿ ಎಂದು ಜಗತ್ಪ್ರಸಿದ್ಧ. ಅದರ ಪೇಟೆಂಟು 1905ರಲ್ಲಿ ಹ್ಯಾರಿ ಬನ್ನೆಲ್ ಎಂಬ ಬಡಗಿಯ ಹೆಸರಿಗೆ ಸಂದಿತು. ರೂಪಿಸಿದವನೊಬ್ಬ, ಹಕ್ಕು ಪಡೆದವನೊಬ್ಬ ಎಂಬ ತಕರಾರಿದ್ದರೂ ಅಲ್ಲಿ ಇಬ್ಬರ ಹೆಸರೂ ಉಳಿದಿದೆ. ಹೊರಸಿಗೆ ಅಂಥ ಒಂದೂ ಹೆಸರಿಲ್ಲ. ಕಾಲು ಮಾಡಿದ ಬಡಿಗ, ನಾರು ಹೊಸೆದವರು, ಹೆಣೆದವರು ಹೀಗೆ ಅದು ಮೂರು ಕೈಗಳ ಕೆಲಸ. ಬಡಿಗನಿಗೆ ಆಯದ ಲೆಕ್ಕದಲ್ಲಿ ಒಂದು ಸ್ಥಾನವಿತ್ತು. ಹಗ್ಗ ಹೊಸೆಯುವವರಿಗೆ ಅಷ್ಟೂ ಇರಲಿಲ್ಲ.

ಆದರೆ ಕನ್ನಡ ಪರಂಪರೆಯಲ್ಲಿ ಹಗ್ಗ ಹೊಸೆದವನೊಬ್ಬನ ಹೆಸರು ಬೆಳಗಿದೆ. ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯ ವಿಜಯಪುರ ಜಿಲ್ಲೆಯ ಶಿವಣಗಿಯವನು. ಕೆರೆಯಲ್ಲಿ ಹೊಡಕೆ ಹುಲ್ಲು ಕೊಯ್ದು, ನುಲಿಯನ್ನು ಹೊಸೆದು ಮಾರಿ ದಾಸೋಹ ನಡೆಸಿದವನು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಜಾರಿದರೂ ಕಾಯಕ ಬಿಡಲಿಲ್ಲವೆಂಬ ಐತಿಹ್ಯ ಪ್ರಸಿದ್ಧವಾದುದು. ಶೂನ್ಯಸಂಪಾದನೆಯಲ್ಲಿ ಅವನಿಗೆ ಪ್ರತ್ಯೇಕ ಪ್ರಸಂಗವೇ ಮೀಸಲಾಗಿದೆ. ಅಲ್ಲಿ ಅಲ್ಲಮನೊಡನೆ ನಡೆಯುವ ಚರ್ಚೆಯನ್ನು ವಚನ ಸಾಹಿತ್ಯದ ವಿದ್ವಾಂಸರು ಕಾಯಕತತ್ತ್ವದ ನೆಲೆಯಲ್ಲಿ ವಿಸ್ತಾರವಾಗಿ ವಿವೇಚಿಸಿದ್ದಾರೆ. ಆದರೆ ಆ ನುಲಿ ಎಂಥದು, ಯಾವ ಹದದಲ್ಲಿ ಹೊಸೆದದ್ದು, ಸಂತೆಯಲ್ಲಿ ಅದನ್ನು ಕೊಂಡವರು ಏತಕ್ಕೆ ಬಳಸುತ್ತಿದ್ದರು ಎಂಬ ಪ್ರಶ್ನೆಗಳು ಆ ವಿವೇಚನೆಗಳ ಮುಖ್ಯಧಾರೆಗೆ ಬಂದಿಲ್ಲ. ಕಾಯಕದ ಮೀಮಾಂಸೆ ಬೆಳೆದಷ್ಟು ಹಗ್ಗದ ಮೀಮಾಂಸೆ ಬೆಳೆಯಲಿಲ್ಲ. ಶ್ರಮವನ್ನು ತತ್ತ್ವಕ್ಕೆ ಏರಿಸುವ ಉತ್ಸಾಹದಲ್ಲಿ ಶ್ರಮದಿಂದ ಹುಟ್ಟಿದ ವಸ್ತುವೇ ಕಣ್ಮರೆಯಾದುದು ವಿಪರ್ಯಾಸವೇ ಸರಿ.

ಇಷ್ಟು ಹೇಳಿದ ಮೇಲೆ ಹಳೆಯದನ್ನೆಲ್ಲ ಹೊಗಳುವ ಪ್ರವೃತ್ತಿಗೆ ತಡೆ ಹಾಕುವುದೂ ಅಗತ್ಯ. ಕಟ್ಟೆ ಮತ್ತು ಹೊರಸು ಎರಡೂ ಜಾತಿಯ ಅಳತೆಗೋಲುಗಳಾಗಿದ್ದವು. ಗುಡಿಯ ಕಟ್ಟೆಯ ಮೇಲೆ ಯಾರು ಕೂರಬಹುದು, ಯಾರು ಕೆಳಗೆ ನಿಲ್ಲಬೇಕು ಎಂಬುದು ಊರಿಗೆ ಊರೇ ಬಲ್ಲ ಕಟ್ಟಳೆಯಾಗಿತ್ತು. ಗೌಡ ಹೊರಸಿನ ಮೇಲೆ, ಆಳು ನೆಲದ ಮೇಲೆ. ತನ್ನ ಮನೆಯ ಮುಂದೆಯೇ ಆದರೂ ಮೇಲ್ಜಾತಿಯವರು ಹಾದುಹೋಗುವಾಗ ಹೊರಸಿನಿಂದ ಎದ್ದು ನಿಲ್ಲಬೇಕಾದ ಅವಮಾನವನ್ನು ದಲಿತ ಸಮುದಾಯಗಳು ಅನುಭವಿಸಿವೆ. ನುಲಿ ಹೊಸೆದವನಿಗೇ ಆ ನುಲಿಯ ಮೇಲೆ ನೆಮ್ಮದಿಯಾಗಿ ಕೂರುವ ಹಕ್ಕಿರಲಿಲ್ಲ. ಈ ಹಿನ್ನೆಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯನ್ನು ಕೇವಲ ಅಭಿರುಚಿಯ ಪತನವೆಂದು ಜರೆಯುವ ವಿಮರ್ಶೆ ಪೂರ್ಣವಲ್ಲ. ಫ್ರಾನ್ಸಿನಲ್ಲಿ ಆನ್ರಿ ಮಾಸೊನೆ 1972ರಲ್ಲಿ ರೂಪಿಸಿದ ಒಂದೇ ಅಚ್ಚಿನ ಕುರ್ಚಿಯ ವಂಶಕ್ಕೆ ಸೇರಿದ ಈ ವಸ್ತು, ಎಲ್ಲರಿಗೂ ಒಂದೇ ಎತ್ತರವನ್ನು ಒದಗಿಸಿತು. ಚಹಾದಂಗಡಿಯಲ್ಲಿ ಪ್ರತ್ಯೇಕ ಲೋಟ ಇಟ್ಟ ಊರಿನಲ್ಲಿಯೂ ಗ್ರಾಮಸಭೆಗೆ ತರಿಸಿದ ಕುರ್ಚಿಗಳಲ್ಲಿ ಪ್ರತ್ಯೇಕ ಕುರ್ಚಿ ಎಂಬುದನ್ನು ಗುರುತಿಸುವುದು ಕಷ್ಟ. ಹೊರಸಿನ ವಿನ್ಯಾಸವನ್ನು ಮೆಚ್ಚುವವರು ಆ ಮೆಚ್ಚುಗೆಯಲ್ಲಿ ಈ ಸತ್ಯಕ್ಕೂ ಜಾಗ ಕೊಡಬೇಕಾಗುತ್ತದೆ.

ಹೊರಸು ಹಿಂದೆ ಸರಿದುದಕ್ಕೆ ಕುರ್ಚಿಯೊಂದೇ ಕಾರಣವಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ, ಸಿಂಧನೂರು ಭಾಗಗಳನ್ನು ಭತ್ತದ ಸೀಮೆಯಾಗಿಸಿತು. ನಾರಾಯಣಪುರ ಬಲದಂಡೆ ಕಾಲುವೆ ಮುಂದೆ ದೇವದುರ್ಗವನ್ನು ಮುಟ್ಟಿತು. ಜೋಳ, ಸಜ್ಜೆ, ತೊಗರಿಗಳ ನಡುವೆ ಅಕ್ಕಡಿಯಾಗಿ ನಿಲ್ಲುತ್ತಿದ್ದ ಪುಂಡಿಗೆ ಭತ್ತದ ಏಕಬೆಳೆಯಲ್ಲಿ ಎಡೆಯಿಲ್ಲ. ಪುಂಡಿಯನ್ನು ಕೊಳೆಹಾಕಲು ನೀರು ಹೇರಳವಾಗಿ ಬಂದ ಹೊತ್ತಿಗೆ ಕೊಳೆಹಾಕುವ ಕಟ್ಟಿಗೆಯೇ ಹೋಯಿತು. ಪೇಟೆಯಿಂದ ನೈಲಾನ್ ಹಗ್ಗವೂ ಪ್ಲಾಸ್ಟಿಕ್ ಪಟ್ಟಿಯೂ ಬಂದವು. ಇವು ಕೊಳೆಯುವುದಿಲ್ಲ ನಿಜ, ಆದರೆ ಬೆವರು ಹೀರುವುದಿಲ್ಲ, ಬಿಸಿಲಿಗೆ ಪೆಡಸಾಗುತ್ತವೆ. ಮರದ ಕಥೆಯಲ್ಲಿ ಇನ್ನೊಂದು ತಿರುವಿದೆ. ಕರಿಜಾಲಿ ಕಡಿಮೆಯಾದ ಈ ಸೀಮೆಯನ್ನು ಬಳ್ಳಾರಿ ಜಾಲಿ ಆಕ್ರಮಿಸಿದೆ. ಇದೇ ಕುಲದ ಮರವನ್ನು ಮೆಕ್ಸಿಕೊ, ಟೆಕ್ಸಾಸ್‌ಗಳಲ್ಲಿ ಬೆಲೆಬಾಳುವ ಪೀಠೋಪಕರಣಕ್ಕೆ ಬಳಸುತ್ತಾರೆ. ಇಲ್ಲಿ ಅದನ್ನು ಇದ್ದಿಲಿಗೆ ಸುಡುತ್ತಾರೆ. ಸೊಟ್ಟ ಕಾಂಡದಿಂದ ಉದ್ದದ ಹಲಗೆ ಸಿಗದಿರಬಹುದು, ಹೊರಸಿನ ಕಾಲಿಗೆ ಅಂಥ ಉದ್ದ ಬೇಕಿಲ್ಲ. ಹೊರಾಂಗಣದ ಹೊಸ ವಿನ್ಯಾಸಕಾರರು ಆಮದು ತೇಗದ ಬದಲು ಈ ಕಡೆ ಕಣ್ಣು ಹಾಯಿಸಬಹುದಿತ್ತು.

ಸಂಸ್ಥೆಗಳ ಪಾತ್ರವನ್ನೂ ವಿಮರ್ಶೆಯಿಂದ ಹೊರಗಿಡಲಾಗದು. ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಸಲ್ಲಿಸಿದ ವರದಿ ಲೋಟಾ ಎಂಬ ನೀರಿನ ಪಾತ್ರೆಯನ್ನು ಶ್ರೇಷ್ಠ ವಿನ್ಯಾಸದ ಮಾದರಿಯೆಂದು ಎತ್ತಿ ಹಿಡಿಯಿತು. ಆ ವರದಿಯ ಬೆನ್ನಲ್ಲೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. ಲೋಟಾ ತಯಾರಾದ ಗಳಿಗೆಯಲ್ಲಿ ಪೂರ್ಣವಾಗುವ ವಸ್ತು. ಮತ್ತೆ ಮತ್ತೆ ಮಾಡಿಕೊಳ್ಳಬೇಕಾದ ಹೊರಸಿನಂಥ ವಸ್ತುವನ್ನು ಅಳೆಯಲು ಆ ಮಾದರಿ ಸಾಲದು. ಕರ್ನಾಟಕದಲ್ಲಿ 1964ರಲ್ಲಿ ಆರಂಭವಾದ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳು ಬೀಟೆಮರ, ಶ್ರೀಗಂಧ, ಚನ್ನಪಟ್ಟಣದ ಆಟಿಕೆಗಳಿಗೆ ಮಾರುಕಟ್ಟೆ ಒದಗಿಸಿದ್ದು ಸ್ತುತ್ಯ. ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಗಳಿಗೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಇವೆಲ್ಲ ನೋಡಲೆಂದು ಇಡುವ, ಉಡುಗೊರೆಯಾಗಿ ಕೊಡುವ ವಸ್ತುಗಳು. ಅಕಾಡೆಮಿಗಳ ಹಂಚಿಕೆಯಲ್ಲಿ ಶಿಲ್ಪ ಒಂದು ಕಡೆ, ಜನಪದ ಕಲೆ ಇನ್ನೊಂದು ಕಡೆ. ಹೊರಸು ಎರಡರ ನಡುವಿನ ಸಂದಿಯಲ್ಲಿ ಬಿದ್ದಿದೆ. ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್ 1997ರಿಂದೀಚೆಗೆ ಬಾಳೆನಾರಿನ ಕೆಲಸವನ್ನು ಊರಿನ ಮಹಿಳೆಯರ ಉದ್ಯೋಗವಾಗಿ ಬೆಳೆಸಿದ ಪ್ರಯತ್ನ ಇದಕ್ಕೆ ತಕ್ಕಮಟ್ಟಿನ ಅಪವಾದ. ಎಸೆಯುವ ಬಾಳೆದಿಂಡಿನಿಂದ ನಾರು ತೆಗೆದು ಬುಟ್ಟಿ, ಚೀಲಗಳನ್ನು ಮಾಡಬಹುದಾದರೆ, ಪುಂಡಿಯ ನಾರಿಗೆ ಅಂಥ ಪೋಷಣೆ ಯಾಕಿಲ್ಲವೆಂಬ ಪ್ರಶ್ನೆ ಸಹಜ.

ದಾಖಲೆಯ ಕೆಲಸವಂತೂ ತುರ್ತಾದುದು. ವಸ್ತುಸಂಗ್ರಹಾಲಯಕ್ಕೆ ಹೊರಸೊಂದನ್ನು ತಂದಿಟ್ಟರೆ ಈ ಕೆಲಸ ಮುಗಿಯುವುದಿಲ್ಲ. ಅಲ್ಲಿ ಅದರ ಮೇಲೆ ಯಾರೂ ಮಲಗುವುದಿಲ್ಲ, ಆದ್ದರಿಂದ ಅದನ್ನು ಯಾರೂ ಬಿಗಿಯುವುದೂ ಇಲ್ಲ. ದಾಖಲಾಗಬೇಕಾದದ್ದು ಕ್ರಿಯೆ: ಪುಂಡಿಯನ್ನು ಕೊಳೆಹಾಕುವ ದಿನಗಳ ಲೆಕ್ಕ, ಎಳೆ ಕೂಡಿಸುವ ಹದ, ಹೆಣಿಗೆಯನ್ನು ಯಾವ ಮೂಲೆಯಿಂದ ಆರಂಭಿಸುತ್ತಾರೆ, ಪ್ರತಿ ಸುತ್ತಿಗೆ, ಪ್ರತಿ ಗಂಟಿಗೆ ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ಬೇರೆ ಬೇರೆಯಾಗಿ ಏನೆನ್ನುತ್ತಾರೆ, ಹೆಣೆದವರ ಹೆಸರೇನು. ಇವನ್ನು ಹೆಣೆಯುತ್ತಿರುವಾಗಲೇ ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕಾಗುತ್ತದೆ, ಏಕೆಂದರೆ ಮುಗಿದ ಹೊರಸನ್ನು ನೋಡಿ ಆರಂಭದ ಗಂಟನ್ನು ಗುರುತಿಸುವುದು ಬಲ್ಲವರಿಗೂ ಕಷ್ಟ. ಕೊನೆಯ ತುದಿ ಮಾತ್ರ ಎದ್ದು ಕಾಣುತ್ತದೆ. ಡೇಬೆಡ್ಡಿನಲ್ಲಿ ಹಗ್ಗದ ತುದಿಯನ್ನು ಕತ್ತರಿಸಿ, ಸುಟ್ಟು ಅಂಟಿಸಿ ಮರೆಮಾಡುತ್ತಾರೆ. ಹೊರಸಿನ ಕಾಲ್ದೆಸೆಯಲ್ಲಿ ಬಿಗಿಹಗ್ಗದ ತುದಿಯನ್ನು ಮೊಳದಷ್ಟು ಉಳಿಸಿ ಅಡ್ಡಮರಕ್ಕೆ ಸುತ್ತಿ ಬಿಟ್ಟಿರುತ್ತಾರೆ. ಮುಂದಿನ ಸಲ ಎಳೆಯುವವರ ಹಿಡಿತಕ್ಕೆ ಅಷ್ಟು ಉದ್ದ ಬೇಕು.